ಕೂತವರ ಅಳತೆಗೆ

ಪ್ರೀತಿಯ ಕಡ್ಡಿ,

ಪಕ್ಕದ ರೂಮಿನಲ್ಲಿ ಇರುವ ತಮ್ಮನಿಗೆ ಯಾರಾದರೂ ಪತ್ರ ಬರೆಯುತ್ತಾರಾ ಎಂದು ನೀನು ಕೇಳುತ್ತೀಯ. ಕೇಳಿಕೊ. ಎದುರಿಗೆ ಕೂತು ಹೇಳೋಣವೆಂದು ಈ ವಾರದಲ್ಲಿ ಎಷ್ಟೋ ಸಲ ಬಾಯಿ ತೆರೆದೆ. ನನ್ನ ದನಿ ಸ್ವಲ್ಪ ಒದ್ದೆಯಾದರೆ ಸಾಕು, "ಶುರುವಾಯ್ತು ನೋಡು ಧಾರಾವಾಹಿ" ಎಂದು ನೀನು ಯಾವುದೋ ಮೊಬೈಲಿನ ಸ್ಕ್ರೂ ಬಿಚ್ಚಲು ಶುರು ಮಾಡುತ್ತೀಯ. ಕಾಗದದ ಮೇಲಾದರೆ ನಡುವೆ ಬಾಯಿ ಹಾಕುವಂತಿಲ್ಲ. ನಿನ್ನ ಹೊಸ ಪ್ಯಾಂಟಿನ ತೊಡೆಯ ಜೇಬಿನಲ್ಲಿ ಇಟ್ಟಿರುತ್ತೇನೆ, ಸಿಕ್ಕಾಗ ಓದು. ಓದಿದ ಮೇಲೆ ನಿನ್ನ ಭಾವನ ಕೈಗೆ ಸಿಗದ ಹಾಗೆ ನೋಡಿಕೊ. ಅವರ ಬಗ್ಗೆ ಒಂದೆರಡು ಮಾತು ಬರುತ್ತವೆ.

ಮೊದಲಿಗೇ ಹೇಳಿಬಿಡುತ್ತೇನೆ, ನನಗೆ ಈಗ ನಿರಾಳವಾಗಿದೆ. ನಿನ್ನೆ ಮಧ್ಯಾಹ್ನ ಊಟ ಮಾಡಿ, ಒಂದು ಜೇಬಿಗೆ ಅಂಚು ಹೊಲಿಯೋಣವೆಂದು ಚಾಪೆಯ ಮೇಲೆ ಕೂತವಳು ಅಲ್ಲೇ ನಿದ್ದೆ ಹೋದೆ. ಬಾಯಲ್ಲಿ ದಾರದ ತುದಿ ಹಾಗೇ ಇತ್ತಂತೆ. ಅಮ್ಮ ಬಂದು ಅದನ್ನು ಎಳೆದು ತೆಗೆದಳಂತೆ, ನನಗೆ ಗೊತ್ತೇ ಆಗಲಿಲ್ಲ. ಕೆಲಸ ಬಿಟ್ಟ ದಿನದಿಂದ ಹಗಲು ಹೊತ್ತು ನಾನು ಹೀಗೆ ಮಲಗಿದ್ದು ಇದೇ ಮೊದಲು. ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು, ಅದನ್ನು ನೋಡಿ ನೀನು ನಕ್ಕಿದ್ದೂ ಗೊತ್ತು.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ನಿನ್ನ ಬೈಗುಳದಿಂದ ಎನ್ನುತ್ತೇನೆ. ಗಾರ್ಮೆಂಟ್ಸಿನಲ್ಲಿ ನಾನು ಸ್ಯಾಂಪಲ್ ಟೈಲರ್ ಆಗಿದ್ದೆ. ನಾನು ಹೊಲಿದ ಒಂದು ಪ್ಯಾಂಟನ್ನು ಗೊಂಬೆಗೆ ತೊಡಿಸಿ, ಸರಿಯಿದೆ ಎಂದು ದೊಡ್ಡವರು ತಲೆಯಾಡಿಸಿದ ಮೇಲೆ, ಅದೇ ಅಳತೆಯಲ್ಲಿ ಲೆಕ್ಕವಿಲ್ಲದಷ್ಟು ಪ್ಯಾಂಟು ತಯಾರಾಗುತ್ತಿದ್ದವು. ಒಂದು ಸೆಕೆಯ ಮಧ್ಯಾಹ್ನ ಅಂಥದ್ದೇ ಒಂದನ್ನು ತಂದು ನಿನಗೆ ಕೊಟ್ಟೆ. ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, ಹಿಂದಕ್ಕೆ ಒರಗಿ, ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಕ್ಕಾ, ನಿಮ್ಮ ಕಂಪನಿಯವರು ಪ್ಯಾಂಟ್ ಹಾಕ್ಕೊಂಡು ಕೂರೋದೇ ಇಲ್ವಾ?"

ನನಗೆ ಸಿಟ್ಟು ಬಂತು. ಆಮೇಲೆ ನೋಡಿದೆ. ನೀನು ಬಗ್ಗಿದರೆ ಹಿಂದೆ ಸೊಂಟ ಪೂರ್ತಿ ಬಯಲು. ಮುಂದೆ ಹೊಟ್ಟೆಯ ಮೇಲೆ ಬಟ್ಟೆ ಗಂಟು ಗಂಟಾಗಿ ಕೂತಿದೆ. ಕಾಲು ಮೇಲಕ್ಕೆ ಜಗ್ಗಿ ಸಾಕ್ಸು ಕಾಣುತ್ತಿದೆ. ಜೇಬಿಗೆ ಕೈ ಹಾಕಬೇಕಾದರೆ ನೀನು ಮೈಯನ್ನೆಲ್ಲ ತಿರುಚಬೇಕು. ಹಿಂದಿನ ಜೇಬಿನ ದಪ್ಪ ಹೊಲಿಗೆಯ ವಿಷಯವಂತೂ ಬೇಡ. ಅಪಘಾತವಾದ ಮರುವರ್ಷ ಅದು ಒತ್ತಿ ಒತ್ತಿ ಹುಣ್ಣಾಗಿ, ಅಲ್ಲಿ ನೋವೇ ತಿಳಿಯದ ನಿನಗೆ ಹುಣ್ಣಾಗಿದ್ದೂ ಗೊತ್ತಾಗದೆ, ನಾವೆಲ್ಲ ಆಸ್ಪತ್ರೆಗೆ ಓಡಿದ್ದೆವು. ಅಷ್ಟಾದರೂ ನಾನು ಟೈಲರ್ ಆಗಿ ಆ ಪ್ಯಾಂಟನ್ನು ನೋಡಿರಲೇ ಇಲ್ಲ, ಅಕ್ಕ ಆಗಿ ಅಳುವುದರಲ್ಲೇ ಇದ್ದೆ.

ಅವತ್ತೇ ಆ ಪ್ಯಾಂಟನ್ನು ಬಿಚ್ಚಿದೆ. ಹಿಂದೆ ಎತ್ತರಿಸಿದೆ, ಮುಂದೆ ತಗ್ಗಿಸಿದೆ. ಹಿಂದಿನ ಜೇಬು ಕಿತ್ತು ತೊಡೆಯ ಮೇಲೆ ತಂದೆ. ಕೂರುವ ಜಾಗದಲ್ಲಿ ದಪ್ಪ ಹೊಲಿಗೆ ಬರದಂತೆ ಬಟ್ಟೆಯನ್ನು ಬೇರೆ ಥರ ಕತ್ತರಿಸಿದೆ. ಮಂಡಿ ಮೊದಲೇ ಬಗ್ಗಿರುವಂತೆ ಹೊಲಿದೆ, ಜಿಪ್ಪಿಗೆ ಬೆರಳು ತೂರುವಷ್ಟು ದೊಡ್ಡ ಬಳೆ ಹಾಕಿದೆ. ನೀನು ಹಾಕಿಕೊಂಡೆ. ಅದನ್ನು ಒಗೆಯಲು ಕೊಡದೆ ಮೂರು ದಿನ ಅದರಲ್ಲೇ ಇದ್ದೆ ನೋಡು, ಆಗ ಗೊತ್ತಾಯಿತು ನನಗೆ.

ಮುಂದಿನದು ನಿನಗೂ ಗೊತ್ತು. ಫಿಸಿಯೋಥೆರಪಿ ಹಾಲಿನಲ್ಲಿ ನಿನ್ನ ಜೊತೆಗಿದ್ದವರು ಕೇಳಿದರು, ಅವರ ಪರಿಚಯದವರು ಕೇಳಿದರು. ಭಾನುವಾರ ಸಾಲದಾಯಿತು, ರಜೆ ಹಾಕಿ ಹೊಲಿದೆ, ಕೊನೆಗೆ ಕೆಲಸವನ್ನೇ ಬಿಟ್ಟೆ. ಅಂಗಡಿಗೆ ಹೆಸರು ಬೇಕು ಎಂದಾಗ ನೀನು ತಲೆ ಎತ್ತದೆ "ಕೂತ್ಕೊಳ್ಳಿ" ಎಂದೆ. ನಾನು ಯಾರಿಗೋ ಕುರ್ಚಿ ತೋರಿಸುತ್ತಿದ್ದೀಯ ಎಂದುಕೊಂಡು ಬಾಗಿಲ ಕಡೆ ನೋಡಿದೆ. ಅಮ್ಮನಿಗೆ ಅದು ಹಿಡಿಸಲಿಲ್ಲ. "ಅಂಗಡಿಗೆ ಇಡೋ ಹೆಸರೇನೋ ಇದು? ಮನೆಗೆ ಬಂದೋರಿಗೆ ಹೇಳೋ ಮಾತು." "ಅದಕ್ಕೇ ಅಮ್ಮ, ಬಂದೋರಿಗೇ ಹೇಳ್ತಿರೋದು" ಎಂದೆ ನೀನು. ಹೆಸರು ಉಳಿಯಿತು.

ಇಷ್ಟಾದರೂ ನಮ್ಮನ್ನು ಬಲ್ಲವರು ಆ ಹಾಲಿನ ನಾಲ್ಕು ಗೋಡೆಯ ಒಳಗಿನವರು ಮಾತ್ರ. ಅಂಗಡಿ ಎಂದರೆ ನಮ್ಮ ಮನೆಯ ನಡುಮನೆಯ ಮೂಲೆಯಲ್ಲಿ ಒಂದು ಯಂತ್ರ, ಒಂದು ಮೇಜು. ಊರ ತುಂಬಾ, ಬೇರೆ ಊರುಗಳಲ್ಲಿ, ಕೂತೇ ಇರುವವರು ಎಷ್ಟು ಮಂದಿ ಇದ್ದಾರೋ, ಅವರಿಗೆ ನಾವು ಇದ್ದೇವೆಂದು ತಿಳಿಸುವುದು ಹೇಗೆ? ಪೇಜ್ ಮಾಡಬೇಕು, ಫೋಟೊ ಹಾಕಬೇಕು ಎಂದು ನೀನೇ ಹೇಳಿದೆ. ನಾನು ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ನೋಡಿ, "ಇದು ಪ್ಯಾಂಟಾ, ನೆಲ ಒರೆಸೋ ಬಟ್ಟೆಯಾ?" ಎಂದೂ ನೀನೇ ಹೇಳಿದೆ. ಹಾಗೆ ನಮ್ಮ ಮನೆಗೆ ಬಂದವರು ಫೋಟೊ ಮೇಡಂ.

ಅವರು ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಮದುವೆ ಫೋಟೊ ಬಿಟ್ಟು ಈಗ ಸಣ್ಣ ಅಂಗಡಿಗಳಿಗೆ ಬ್ರ್ಯಾಂಡ್ ಫೋಟೊ ತೆಗೆಯುತ್ತಾರೆ. ನಮ್ಮ ಗೋಡೆಯ ಬಣ್ಣ ನೋಡಿ ಮುಖ ಸಿಂಡರಿಸಿ, ತಮ್ಮದೇ ಬಟ್ಟೆ ಕಟ್ಟಿ, ಬಿಳಿಯ ಹಲಗೆಯನ್ನು ಆ ಕಡೆ ಈ ಕಡೆ ಹಿಡಿಸಿ ಬೆಳಕನ್ನು ದಾರಿಗೆ ತಂದರು. "ನೋಡಿ ಅಕ್ಕಾ, ಬ್ರ್ಯಾಂಡ್ ಅಂದ್ರೆ ಬರೀ ಹೆಸರಲ್ಲ. ಜನ ಬೆರಳಲ್ಲಿ ತಳ್ಕೊಂಡು ಹೋಗ್ತಿರ್ತಾರೆ. ಆ ಬೆರಳು ನಿಲ್ಲಬೇಕು. ನಿಂತ ಮೇಲೆ ಇದು ಅವರ ಅಂಗಡೀನೇ ಅಂತ ಗುರುತಾಗಬೇಕು" ಎಂದರು. ನಾನು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದೆ.

ಬಾಡಿಗೆಗೆ ತಂದ ಗೊಂಬೆಗೆ ಪ್ಯಾಂಟು ತೊಡಿಸಿದೆವು. ಗೊಂಬೆ ನಿಂತಿತ್ತು. ಹಿಂದೆ ಬಟ್ಟೆ ಜೋತು ಬಿತ್ತು, ಮುಂದೆ ಸೊಂಟ ಜಾರಿತು, ಮಂಡಿಯಲ್ಲಿ ಏನೋ ಊದಿಕೊಂಡಂತೆ ಕಂಡಿತು. ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವಕ್ರವಾಗಿ ಬಿದ್ದ ಬಟ್ಟೆಯನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟು ವರ್ಷ ಅದೇ ಅನ್ನ ತಿಂದ ಕೈ. ಗುಂಡುಸೂಜಿಯ ಡಬ್ಬಿ ತಂದೆ. ಹಿಂದಿನ ಬಟ್ಟೆಯನ್ನು ಮಡಚಿ ಚುಚ್ಚಿದೆ, ಮುಂದಿನದನ್ನು ಎತ್ತಿ ಚುಚ್ಚಿದೆ, ಮಂಡಿಯನ್ನು ಒಳಕ್ಕೆ ಎಳೆದು ಕ್ಲಿಪ್ ಹಾಕಿದೆ. ಪ್ಯಾಂಟು ನೆಟ್ಟಗೆ ನಿಂತಿತು. ಮೇಡಂ ಖುಷಿಯಾಗಿ ಕ್ಲಿಕ್ಕಿಸಿದರು. ಚಹಾ ಕುಡಿಯುತ್ತಾ ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಪೇಜ್ ತೆರೆದು ಆ ಫೋಟೊಗಳನ್ನು ಹಾಕಿದ ದಿನ ನಾನು ಮೊಬೈಲನ್ನು ಅಡುಗೆಮನೆಗೂ ಒಯ್ದೆ. ನಮ್ಮ ಬಳಗದವರೆಲ್ಲ "ಸೂಪರ್" ಎಂದು ಬರೆದರು, ಸೋದರಮಾವ ಒಂದು ಹೂವಿನ ಚಿತ್ರ ಕಳಿಸಿದರು. ನಮ್ಮನ್ನು ತಿಳಿಯದವರಲ್ಲಿ ಬರೆದವನು ಒಬ್ಬನೇ. "ಚೆನ್ನಾಗಿದೆ, ಆದ್ರೆ ಇದರಲ್ಲಿ ವಿಶೇಷ ಏನು?" ಎಂದು ಕೇಳಿದ್ದ. ಅದನ್ನು ಎದುರಿಗಿಟ್ಟುಕೊಂಡು ಏನು ಉತ್ತರ ಕೊಡಲಿ ಎಂದು ಒದ್ದಾಡುತ್ತಿದ್ದಾಗ ನೀನು ಗಾಲಿ ತಿರುಗಿಸಿಕೊಂಡು ಬಂದೆ. ಫೋಟೊವನ್ನು ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ, ಒಂದು ಚುಕ್ಕೆಯನ್ನು ತೋರಿಸಿದೆ. "ಇದು ಗುಂಡುಸೂಜಿ ತಲೆ ತಾನೇ? ನನ್ನ ಹಿಂಭಾಗ ಎಲ್ಲಕ್ಕಾ, ಮಡಚಿ ಇಟ್ಟುಬಿಟ್ರಾ?"

ಆಗ ನನಗೆ ಹೊಳೆಯಿತು. ನಾವು ಮಾರಬೇಕಾದ್ದನ್ನೇ ಸೂಜಿ ಚುಚ್ಚಿ ಮುಚ್ಚಿದ್ದೆವು. ಗಾರ್ಮೆಂಟ್ಸಿನ ಸ್ಯಾಂಪಲ್ ಟೈಲರ್ ಅಲ್ಲದೆ ಬೇರೆ ಯಾರೂ ಅಂಥ ತಪ್ಪು ಮಾಡುತ್ತಿರಲಿಲ್ಲ. ಮೇಡಂಗೆ ಫೋನ್ ಮಾಡಿದೆ. ಅವರು "ಹಾಗಾದ್ರೆ ಯಾರಾದ್ರೂ ಕೂತಿರೋರೇ ಬೇಕು ಅಕ್ಕಾ" ಎಂದರು. ಫಿಸಿಯೋಥೆರಪಿಯಲ್ಲಿ ಪರಿಚಯವಾಗಿ ನಮ್ಮ ಪ್ಯಾಂಟು ಕೊಂಡವರನ್ನೆಲ್ಲ ಕೇಳಿದೆ. ಪ್ಯಾಂಟು ಬೇಕು, ಫೋಟೊ ಬೇಡ ಎಂದರು. ಅವರದೇನೂ ತಪ್ಪಿಲ್ಲ.

ನಿನ್ನನ್ನು ಮಾತ್ರ ನಾನು ಕೇಳಲಿಲ್ಲ. ಯಾಕೆಂದು ನಿನಗೂ ಗೊತ್ತು. ನಮ್ಮ ಮನೆಯ ಫೋಟೊಗಳಲ್ಲಿ ಅಪಘಾತದ ನಂತರ ನೀನು ಯಾವಾಗಲೂ ಅರ್ಧವೇ. ಅಮ್ಮ ನಿನ್ನ ಮುಂದೆ ಟೀಪಾಯಿ ಎಳೆದು ಅದರ ಮೇಲೆ ಹೂದಾನಿ ಇಡುತ್ತಾಳೆ. ಮದುವೆಮನೆಯಾದರೆ ನಾಲ್ಕು ಮಕ್ಕಳನ್ನು ಹಿಡಿದು ತಂದು ನಿನ್ನ ಕುರ್ಚಿಯ ಮುಂದೆ ಸಾಲಾಗಿ ನಿಲ್ಲಿಸುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾಳೆ, ಹೇಳಿದರೆ ಅತ್ತುಬಿಡುತ್ತಾಳೆ. ನಿನ್ನ ಮೊಬೈಲ್ ರಿಪೇರಿ ಅಂಗಡಿಯ ಕೌಂಟರನ್ನು ನೀನು ಎದೆಯ ಮಟ್ಟಕ್ಕೆ ಕಟ್ಟಿಸಿಕೊಂಡೆ, ಬೀದಿ ಏಳುವ ಮೊದಲೇ ಅದರ ಹಿಂದೆ ಸೇರಿ ಎಲ್ಲರೂ ಹೋದ ಮೇಲೆ ಹೊರಡುತ್ತಿದ್ದೆ. ವರ್ಷಗಟ್ಟಲೆ ಬರುವ ಗಿರಾಕಿಗಳಿಗೂ ನೀನು ಬರೀ ಕೂತು ಕೆಲಸ ಮಾಡುವ ಮನುಷ್ಯ. ಅಷ್ಟೇ ಸಾಕು ಎಂದು ನೀನು ಇಟ್ಟುಕೊಂಡಿದ್ದ ಗೆರೆಯನ್ನು ನಾನು ಹೇಗೆ ದಾಟಲಿ? ಅಂಗಡಿ ಮುಚ್ಚಿದರೂ ಸರಿ, ಮತ್ತೆ ಗಾರ್ಮೆಂಟ್ಸಿಗೆ ಹೋಗಿ ಕೆಲಸ ಕೇಳೋಣ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ.

ನೀನು ಊಟದ ನಡುವೆ ಹೇಳಿದೆ. "ಸರಿ, ನಾನೇ ಕೂರ್ತೀನಿ. ಕೂರೋದ್ರಲ್ಲಿ ನನ್ನಷ್ಟು ಅನುಭವ ಇರೋರು ಯಾರಿದಾರೆ?" ನಿನ್ನ ಭಾವನಿಗೆ ನೀರು ನೆತ್ತಿಗೆ ಹತ್ತಿತು. ಅವರ ಕೆಮ್ಮು ನಿಲ್ಲುವವರೆಗೆ ಕಾದು ನೀನು ಷರತ್ತು ಹಾಕಿದೆ. "ಆದ್ರೆ ಅಕ್ಕಾ, ಕೆಳಗೆ ಯಾರಾದ್ರೂ 'ಪಾಪ' ಅಂತ ಬರೆದ್ರೆ, ಒಂದೇ ಒಂದು ಸಲ ಬರೆದ್ರೂ ಸರಿ, ಎಲ್ಲಾ ಫೋಟೊ ತೆಗೆದುಹಾಕ್ಬೇಕು. ನಾನು ಪ್ಯಾಂಟು ಮಾರೋಕೆ ಬರ್ತಿರೋದು, ಅಳು ಮಾರೋಕಲ್ಲ." ನಾನು ಒಪ್ಪಿದೆ. ಒಪ್ಪುವಾಗಲೇ ನನಗೆ ಗೊತ್ತಿತ್ತು, ಆ ಪದ ಬಂದೇ ಬರುತ್ತದೆ. ನಮ್ಮ ಜನರ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಬರುವ ಮಾತು ಅದು.

ಫೋಟೊ ದಿನ ಮೇಡಂ ನಿನ್ನನ್ನು ಕಿಟಕಿಯ ಹತ್ತಿರ ಕೂರಿಸಿದರು. ಬೆಳಕು ಒಂದು ಕಡೆಯಿಂದ ಕೆನ್ನೆಯ ಮೇಲೆ ಬೀಳಲಿ, ನೀನು ಹೊರಗೆ ದೂರಕ್ಕೆ ನೋಡು ಎಂದರು. ನೀನು ನೋಡಿದೆ, ಅರ್ಧ ನಿಮಿಷ. ಆಮೇಲೆ ತಿರುಗಿ, "ಮೇಡಂ, ನಾನು ಹೀಗೆ ಕಿಟಕಿ ಕಡೆ ನೋಡ್ತಾ ಕೂತ್ರೆ ಜನ ಪ್ಯಾಂಟ್ ತಗೊಳಲ್ಲ, ಕರ್ಚೀಫ್ ತಗೋತಾರೆ" ಎಂದೆ. ಅವರು ಕ್ಯಾಮೆರಾ ಇಳಿಸಿ ನಕ್ಕುಬಿಟ್ಟರು. ಬೇಜಾರು ಮಾಡಿಕೊಳ್ಳದೆ, "ಹಾಗಾದ್ರೆ ನೀವೇ ಹೇಳಿ, ಎಲ್ಲಿ?" ಎಂದು ಕೇಳಿದ್ದು ಅವರ ದೊಡ್ಡತನ.

"ನನ್ನ ಅಂಗಡಿ ಮುಂದೆ" ಎಂದೆ ನೀನು. ಸಾಮಾನು ಹೊತ್ತು ಎಲ್ಲರೂ ನಿನ್ನ ರಿಪೇರಿ ಅಂಗಡಿಗೆ ಬಂದೆವು. ನೀನು ಕೌಂಟರಿನ ಪಕ್ಕದ ಪುಟ್ಟ ಬಾಗಿಲು ತಳ್ಳಿ, ಇಳಿಜಾರಿನಲ್ಲಿ ಇಳಿದು, ಬೀದಿಯ ಅಂಚಿಗೆ ಬಂದು ಕುರ್ಚಿ ನಿಲ್ಲಿಸಿದೆ. ಬಿಸಿಲು ಇತ್ತು, ಬಸ್ಸಿಗೆ ಕಾಯುವವರು ಇದ್ದರು. ಎದುರಿನ ಕನ್ನಡಕದ ಅಂಗಡಿಯವರು ಹೊರಗೆ ಬಂದು ನಿಂತರು. ಎಷ್ಟೋ ವರ್ಷದಿಂದ ನಿನಗೆ ಕೈಯೆತ್ತಿ ನಮಸ್ಕಾರ ಮಾಡುವ ಮನುಷ್ಯ ನಿನ್ನ ಕಾಲುಗಳನ್ನು ಮೊದಲ ಸಲ ನೋಡಿದರು. ನೀನು ಅವರಿಗೆ ಎಂದಿನಂತೆ ಕೈ ಎತ್ತಿದೆ, ಅವರೂ ಎತ್ತಿದರು. ನಾನು ಅದನ್ನೇ ನೋಡುತ್ತಾ ಕೈಯಲ್ಲಿದ್ದ ಬಿಳಿ ಹಲಗೆಯನ್ನು ಕೆಳಗಿಳಿಸಿಬಿಟ್ಟಿದ್ದೆ, ಎತ್ತಿ ಹಿಡಿಯಿರಿ ಎಂದು ಮೇಡಂ ಎರಡು ಸಲ ಗದರಿದರು.

ಇನ್ನು ನಿನ್ನ ಭಾವನ ಕಥೆ. ಅದು ಪೂರ್ತಿ ನಿನ್ನದೇ ಕಿತಾಪತಿ. ಇದೇ ಪ್ಯಾಂಟನ್ನು ನಿಂತವರೊಬ್ಬರಿಗೆ ಹಾಕಿಸಿ ಪಕ್ಕದಲ್ಲಿ ನಿಲ್ಲಿಸಿದರೆ ವಿಶೇಷ ಏನು ಎಂದು ಕೇಳಿದವನಿಗೆ ಉತ್ತರ ಸಿಗುತ್ತದೆ ಎಂದೆ. ಅದಕ್ಕೆ ನಿನಗೆ ಸಿಕ್ಕಿದ್ದು ಶಾಲೆಯ ಪಿ.ಟಿ. ಮೇಷ್ಟ್ರಾದ ನಿನ್ನ ಭಾವನೇ. ಬೆನ್ನು ಬಾಗಿಸಿ ನಿಂತ ಹುಡುಗರನ್ನು ಮೈದಾನ ಸುತ್ತಿಸುವ ಮನುಷ್ಯ ಹಿಂದೆ ಜೋತು, ಮುಂದೆ ಜಾರಿ, ಮಂಡಿಯಲ್ಲಿ ಊದಿಕೊಂಡ ಪ್ಯಾಂಟಿನಲ್ಲಿ ಎದೆ ಸೆಟೆಸಿ ನಿಂತರು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ನಿಂತರು. "ಭಾವ, ಸ್ವಲ್ಪ ಗಾಂಭೀರ್ಯ ಇರ್ಲಿ" ಎಂದೆ ನೀನು. "ಗಾಂಭೀರ್ಯ ಕೈ ಬಿಟ್ರೆ ಬಿದ್ದೋಗುತ್ತೆ ಕಣಯ್ಯಾ" ಎಂದರು ಅವರು. ನೀನು ಕೈ ಚಾಚಿ ಅವರ ಹಿಂದೆ ಜೋತಾಡುವ ಬಟ್ಟೆಯನ್ನು ಹಿಡಿದು ಜಗ್ಗಿದೆ, ಅವರು ಹಾರಿದರು, ನೀನು ತಲೆ ಹಿಂದಕ್ಕೆ ಹಾಕಿ ನಕ್ಕೆ. ಮೇಡಂ ಕ್ಲಿಕ್ಕಿಸಿದರು. ಅದೇ ಫೋಟೊ.

ಅದರ ಕೆಳಗಿನ ಸಾಲನ್ನೂ ನೀನೇ ಬರೆದೆ. "ಕೂತೇ ಇರುವವರ ಅಳತೆಗೆ ಹೊಲಿದ ಪ್ಯಾಂಟು. ನಿಲ್ಲುವವರು ದಯವಿಟ್ಟು ಬೇರೆ ಅಂಗಡಿ ನೋಡಿಕೊಳ್ಳಿ." ಮೇಡಂ ಅದನ್ನು ಓದಿ, ಇದಕ್ಕಿಂತ ಒಳ್ಳೆಯ ಬ್ರ್ಯಾಂಡ್ ಮಾತು ತಮ್ಮಿಂದ ಬರೆಯಲಾಗದು ಎಂದರು. ನಂತರ ಒಂದೊಂದೇ ಫೋಟೊ ಜೋಡಿಸಿದರು. ತೊಡೆಯ ಜೇಬಿನಿಂದ ನೀನು ಬೀಗದಕೈ ತೆಗೆಯುತ್ತಿರುವುದು, ಬಗ್ಗಿ ಶೂ ಲೇಸು ಬಿಗಿಯುವಾಗಲೂ ಸೊಂಟ ಮುಚ್ಚಿರುವುದು, ಜಿಪ್ಪಿನ ಬಳೆ, ಹೊಲಿಗೆ ಇಲ್ಲದ ಸೀಟು. ಎಲ್ಲದರಲ್ಲೂ ಒಂದೇ ಬಿಸಿಲು, ಒಂದೇ ಬೀದಿ, ನಿನ್ನ ಅಂಗಡಿಯ ಅದೇ ನೀಲಿ ಬಾಗಿಲು.

ಹಾಕಿದ ಮೇಲೆ ನನ್ನ ಪಾಡು ಕೇಳಬೇಡ. ಜನ ಬಂದರು, ನಿಜವಾಗಿಯೂ ಬಂದರು. ಬೇರೆ ಬಣ್ಣ ಇದೆಯಾ, ಹೆಂಗಸರಿಗೆ ಮಾಡುತ್ತೀರಾ, ಕಾಲಿಗೆ ಪಟ್ಟಿ ಕಟ್ಟಿಕೊಳ್ಳುವವರಿಗೆ ಅಗಲ ಬೇಕಿತ್ತು ಎಂದೆಲ್ಲ ಕೇಳಿದರು. ಬೇರೆಯವರು ಅದನ್ನು ಓದಿ ಖುಷಿಪಡುತ್ತಾರೆ. ನಾನು ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಒಂದೇ ಪದ ಹುಡುಕುತ್ತಿದ್ದೆ. ಯಾವುದೇ ಪದ 'ಪ' ಎಂದು ಶುರುವಾದರೆ ಸಾಕು, ಬೆರಳು ಅಲ್ಲೇ ನಿಲ್ಲುತ್ತಿತ್ತು. ಎಷ್ಟೋ ಸಲ ಅದು 'ಪ್ಯಾಂಟು' ಎಂದೋ 'ಪಾಕೆಟ್ಟು' ಎಂದೋ ಮುಗಿಯುತ್ತಿತ್ತು.

ಮೊದಲನೆಯದು ಬಂದಾಗ ನಾವು ಎಲ್ಲರೂ ಒಟ್ಟಿಗೆ ಕೂತಿದ್ದೆವು. ನಿನ್ನ ಭಾವ ಗಟ್ಟಿಯಾಗಿ ಓದುತ್ತಿದ್ದರು. "ಪಾಪ" ಎಂದು ಓದಿ ನಿಲ್ಲಿಸಿಬಿಟ್ಟರು. ನೀನು ಕೈ ಚಾಚಿ ಮೊಬೈಲು ಇಸಿದುಕೊಂಡು ಪೂರ್ತಿ ಓದಿದೆ. "ಪಾಪ, ಪಕ್ಕದಲ್ಲಿ ನಿಂತಿರೋರನ್ನ ನೋಡಿದ್ರೆ ಅಯ್ಯೋ ಅನ್ಸುತ್ತೆ. ಅವರಿಗೂ ಏನಾದ್ರೂ ಹೊಲಿದುಕೊಡಿ." ಆಮೇಲೆ ನಮ್ಮ ಮನೆಯಲ್ಲಿ ಎದ್ದ ನಗುವಿಗೆ ಮೇಲಿನ ಮನೆಯವರು ಬಾಗಿಲು ತೆರೆದರು. ಷರತ್ತಿನ ಪ್ರಕಾರ ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನೀನು ನ್ಯಾಯಾಧೀಶನ ಥರ ವಿಚಾರಣೆ ನಡೆಸಿದೆ. ಪಾಪ ಎನಿಸಿಕೊಂಡವರಿಗೆ ಅಭ್ಯಂತರ ಇಲ್ಲದಿದ್ದರೆ ಫೋಟೊ ಇರಲಿ ಎಂದು ತೀರ್ಪು ಕೊಟ್ಟೆ. ನಿನ್ನ ಭಾವ, "ನನಗೆ ಅಭ್ಯಂತರ ಇದೆ" ಎಂದು ಹೇಳುತ್ತಲೇ ಇದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಮಾರನೆಯ ದಿನ ಶಾಲೆಯಲ್ಲಿ ಹುಡುಗರು ಅವರನ್ನು ನೋಡಿ ಸೊಂಟ ಹಿಡಿದುಕೊಂಡು ನಡೆದರಂತೆ. ಅದನ್ನು ಅವರು ನನಗೆ ಮಾತ್ರ ಹೇಳಿದ್ದು, ನೀನು ಗೊತ್ತಿಲ್ಲದವನ ಹಾಗೆ ಇರು.

ಎರಡನೆಯದು ನಿಜವಾದದ್ದು. ನೀನು ಒಳಗೆ ಸ್ನಾನ ಮಾಡುತ್ತಿದ್ದೆ. ಮೊಬೈಲು ಮೇಜಿನ ಮೇಲೆ ಟಿಣ್ ಎಂದಿತು. "ಪಾಪ, ಎಷ್ಟು ಲಕ್ಷಣವಾಗಿದಾನೆ ಹುಡುಗ. ಹೀಗಾಗಬಾರದಿತ್ತು. ದೇವರು ಒಳ್ಳೇದು ಮಾಡಲಿ." ಕೊನೆಯಲ್ಲಿ ಎರಡು ಕೈ ಮುಗಿದ ಚಿತ್ರ. ಯಾರೋ ಹೆಂಗಸು.

ಅದನ್ನು ಅಳಿಸಲು ಒಂದು ಬೆರಳು ಸಾಕಿತ್ತು. ಒಳಗೆ ನೀರಿನ ಸದ್ದು ಇನ್ನೂ ಇತ್ತು. ಅಳಿಸಿದರೆ ನಿನಗೆ ತಿಳಿಯುವುದೇ ಇಲ್ಲ, ಫೋಟೊಗಳು ಉಳಿಯುತ್ತವೆ, ಹೊಲಿಯಲು ಬಂದ ಅಳತೆಗಳು ಉಳಿಯುತ್ತವೆ, ನಾನು ಮತ್ತೆ ಗಾರ್ಮೆಂಟ್ಸಿನ ಬಾಗಿಲಲ್ಲಿ ನಿಲ್ಲಬೇಕಿಲ್ಲ. ಬೆರಳು ಅಲ್ಲಿಗೆ ಹೋಯಿತು, ಸುಳ್ಳೇಕೆ ಹೇಳಲಿ. ಅಳಿಸಲೇ ಎಂದು ಅದು ಕೇಳುವ ಜಾಗದವರೆಗೂ ಹೋಯಿತು. ಆಮೇಲೆ ಮೊಬೈಲನ್ನು ಬೋರಲು ಹಾಕಿ, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತೆ.

ನೀನು ತಲೆ ಒರೆಸಿಕೊಳ್ಳುತ್ತಾ ಬಂದೆ. ನಾನು ಮೊಬೈಲು ಕೊಟ್ಟೆ. ನೀನು ಓದಿದೆ. ಶರಟಿನ ತುದಿಯಿಂದ ಪರದೆ ಒರೆಸಿ ಇನ್ನೊಮ್ಮೆ ಓದಿದೆ. "ಅಳಿಸೋಣ ಅನ್ಸಿತ್ತಾ?" ಎಂದು ನೀನು ಕೇಳಿದೆ. "ಅನ್ಸಿತ್ತು" ಎಂದೆ ನಾನು. "ಮತ್ಯಾಕೆ ಅಳಿಸ್ಲಿಲ್ಲ?" ಎಂದೆ ನೀನು. ನಾನು ಮೇಜಿನ ಮೇಲಿನ ದಾರದ ಚೂರುಗಳನ್ನು ಆಯತೊಡಗಿದೆ. ಉತ್ತರ ಈಗ ಬರೆಯುತ್ತೇನೆ. ಅಳಿಸಿದ್ದರೆ ಅದೂ ನಿನ್ನ ಮುಂದೆ ಒಂದು ಟೀಪಾಯಿ ಎಳೆದಿಟ್ಟ ಹಾಗೆಯೇ ಆಗುತ್ತಿತ್ತು. ನೀನು ಅಷ್ಟು ಜನರ ಎದುರು ಕೌಂಟರ್ ಬಿಟ್ಟು ಹೊರಗೆ ಬಂದವನು. ಮತ್ತೆ ಏನನ್ನಾದರೂ ಅಡ್ಡ ಇಡಲು ನನಗೆ ಮನಸ್ಸು ಬರಲಿಲ್ಲ. ಅಂಗಡಿ ಹೋದರೂ ಹೋಗಲಿ, ಅದು ನಿನ್ನ ಮಾತಿನಂತೆ ಹೋಗಲಿ ಎನಿಸಿತು.

ನೀನು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಏನೋ ಒತ್ತಲು ಶುರು ಮಾಡಿದೆ. ಫೋಟೊಗಳನ್ನು ತೆಗೆಯುತ್ತಿದ್ದೀಯ ಎಂದೇ ನಾನು ತಿಳಿದೆ. ನೀನು ಆ ಹೆಂಗಸಿಗೆ ಉತ್ತರ ಬರೆಯುತ್ತಿದ್ದೆ. "ದೇವರು ಮಾಡಿದ್ದು ಸಾಕಾಗಿದೆ ಮೇಡಂ. ಈ ಪ್ಯಾಂಟು ನಮ್ಮಕ್ಕ ಮಾಡಿದ್ದು. ನಿಮ್ಮ ಮನೇಲಿ ಯಾರಿಗಾದ್ರೂ ಬೇಕಿತ್ತಾ?" ನನಗೆ ನಗು ಬಂತು, ಅಳುವೂ ಬಂತು, ನೀನು ಧಾರಾವಾಹಿ ಎನ್ನುವ ಮೊದಲೇ ಅಡುಗೆಮನೆಗೆ ಎದ್ದು ಹೋದೆ.

ಅವರ ಉತ್ತರ ಬರಲು ಹೊತ್ತಾಯಿತು. "ನಮ್ಮ ಯಜಮಾನ್ರಿಗೆ ಮಗಾ. ಕಾಲಿನ ಸ್ವಾಧೀನ ಹೋದಾಗಿನಿಂದ ಮನೇಲಿ ಹಾಕೋ ಪೈಜಾಮದಲ್ಲೇ ಇದಾರೆ. ಮಗಳಿಗೆ ಪದವಿ ಕೊಡೋ ದಿನಕ್ಕೂ ಬರಲ್ಲ ಅಂತ ಹಟ ಹಿಡಿದಿದಾರೆ. ಕೂತೋರ ಅಳತೆ ಹೇಗೆ ತಗೋಬೇಕು?" ನೀನು ಬರೆಯಲಿಲ್ಲ, ನೇರವಾಗಿ ಫೋನೇ ಮಾಡಿದೆ. ಟೇಪನ್ನು ಹಿಂದೆ ಸೊಂಟದಿಂದ ಕುರ್ಚಿಯ ಹಲಗೆವರೆಗೆ ಹಿಡಿಯಿರಿ ಎಂದು, ಮಂಡಿಯಿಂದ ಹಿಮ್ಮಡಿಗೆ ಎಂದು, ಅವರನ್ನು ನೆಟ್ಟಗೆ ಮಾಡಲು ಹೋಗಬೇಡಿ, ಅವರು ಹೇಗೆ ಕೂರುತ್ತಾರೋ ಹಾಗೇ ತೆಗೆಯಿರಿ ಎಂದು ನೀನು ಹೇಳುತ್ತಿದ್ದೆ. ಆಮೇಲೆ ಆ ಯಜಮಾನರೇ ಫೋನು ಕಿತ್ತುಕೊಂಡಿರಬೇಕು. ನೀನು, "ಇಲ್ಲ ಸಾರ್, ಹಿಂದೆ ಜಾರಲ್ಲ. ನಾನು ಬಗ್ಗಿ ಶೂ ಹಾಕ್ಕೋತೀನಿ ಇದ್ರಲ್ಲಿ" ಎಂದೆ. ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ನಿನ್ನ ದನಿಯಲ್ಲಿ ಯಾವುದನ್ನೂ ಮುಚ್ಚುವ ಅವಸರ ಇರಲಿಲ್ಲ.

ಸಂಜೆ ನಾನು ಷರತ್ತಿನ ವಿಷಯ ಎತ್ತಿದೆ. "ಷರತ್ತು ಹಾಕಿದ್ದೂ ನಾನು, ತೆಗೆಯೋದೂ ನಾನು. ನೀನು ಹೊಲಿ ಹೋಗು" ಎಂದೆ ನೀನು. ಅಷ್ಟೇ. ಅದಕ್ಕಾಗಿ ಇಷ್ಟು ದಿನ ನಾನು ಉಸಿರು ಹಿಡಿದಿದ್ದೆ.

ಆಮೇಲೆ ಎಂಥದೋ ಆಯಿತು, ಅದನ್ನು ಹೇಳಲೆಂದೇ ಕಾಗದ ತೆಗೆದುಕೊಂಡಿದ್ದು. ಮಾರನೆಯ ದಿನ ನೀನು ಅಂಗಡಿಗೆ ಹೋದ ಮೇಲೆ ಅಮ್ಮ, ಆ ಫೋಟೊ ತೋರಿಸೇ ಎಂದಳು. ಅವತ್ತಿನವರೆಗೂ ಅದನ್ನು ಅವಳು ಸರಿಯಾಗಿ ನೋಡಿರಲಿಲ್ಲ, ಯಾವಾಗ ತೋರಿಸಿದರೂ ಕನ್ನಡಕ ಇಲ್ಲ ಎನ್ನುತ್ತಿದ್ದಳು. ಈ ಸಲ ಕನ್ನಡಕ ತಾನೇ ಹುಡುಕಿ ಹಾಕಿಕೊಂಡಳು. ಮುಂದೆ ಟೀಪಾಯಿ ಇಲ್ಲ, ಮಕ್ಕಳ ಸಾಲಿಲ್ಲ, ತಲೆಯಿಂದ ಪಾದದವರೆಗೆ ನೀನು. ನಾನು ಅವಳ ಮುಖ ನೋಡುತ್ತಾ ಕಾದೆ. ಅವಳು ಬೆರಳಿಂದ ಪರದೆ ಮುಟ್ಟಿ, "ಊರಿಗೆಲ್ಲ ತೋರ್ಸೋ ಫೋಟೊ, ಶೂ ಒರೆಸ್ಕೋಬಾರ್ದಾಗಿತ್ತಾ ಇವನು? ಧೂಳು ನೋಡು ಹೇಗಿದೆ" ಎಂದಳು. ಎಲ್ಲಿ ಧೂಳು ಎಂದು ನಾನೂ ಬಗ್ಗಿದೆ. ಶೂ ನನಗೆ ಕಾಣಲೇ ಇಲ್ಲ, ಎಡಗಾಲಿನ ಒಳಹೊಲಿಗೆ ಮಂಡಿಯ ಹತ್ತಿರ ಸಣ್ಣಗೆ ಸುಕ್ಕುಗಟ್ಟಿದ್ದು ಕಂಡಿತು. ಛೆ, ದಾರ ಬಿಗಿಯಾಗಿದೆ, ಇದು ಇಷ್ಟು ಜನರ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅವಳು ಶೂ ಎನ್ನುತ್ತಾಳೆ, ನಾನು ಸುಕ್ಕು ಎನ್ನುತ್ತೇನೆ, ಇಬ್ಬರೂ ಬಹಳ ಹೊತ್ತು ನಿನ್ನನ್ನು ಬೈದೆವು, ಮೇಡಂ ಹೇಳಬಾರದಿತ್ತಾ ಎಂದು ಅವರನ್ನೂ ಬೈದೆವು. ಮೊಬೈಲು ಆರಿಸಿ ಪಕ್ಕಕ್ಕಿಟ್ಟ ಮೇಲೆ ನನಗೆ ಹೊಳೆಯಿತು, ನಾವಿಬ್ಬರೂ ಕುರ್ಚಿಯನ್ನು ನೋಡಿರಲೇ ಇಲ್ಲ.

ಆ ಪ್ಯಾಂಟು ಬಿಚ್ಚಿ ಕೊಡು, ಸುಕ್ಕು ತೆಗೆದುಕೊಡುತ್ತೇನೆ. ನಿನ್ನ ಕೈಗೆ ಯಾವತ್ತೂ ಕೆಲಸ ತಪ್ಪದಿರಲಿ, ನಾಲಿಗೆ ಮಾತ್ರ ಒಂಚೂರು ಮೊಂಡಾಗಲಿ. ಶೂ ಒರೆಸಿಕೊ.

ನಿನ್ನ ಮಾತು ಕೇಳಿಯೂ ನಿನ್ನನ್ನು ಪ್ರೀತಿಸುವ,
ಅಕ್ಕ